ಎರಡು ನಾವು

ಹುವಾಮಾಂಗಾದ ಆಸ್ಪತ್ರೆಯಲ್ಲಿ ಎರಡನೇ ಮಹಡಿ ನನ್ನದು,
ಅಂದರೆ ಅದರ ನೆಲ, ಅದರ ಬಕೆಟ್ಟು, ಬ್ಲೀಚಿನ ವಾಸನೆ.
ಕೆಲಸಕ್ಕೆ ಸೇರಿದ ದಿನ ಚಪ್ಪಲಿಯ ಜೊತೆ
ನಾಲಿಗೆಯನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ.
ಇಲ್ಲಿ ಸ್ಪ್ಯಾನಿಷ್. ಕೆಚುವಾ ಏನಿದ್ದರೂ
ಸಂಜೆ ಬಸ್ಸು ಹತ್ತಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ.

ಆ ಮಂಗಳವಾರ ಹನ್ನೊಂದನೇ ಮಂಚಕ್ಕೆ ಬಂದವಳು
ತೆಯೊದೊಸಿಯಾ ಸುಲ್ಕಾ. ಎತ್ತರದ ಹುಲ್ಲುಗಾವಲಿನಿಂದ
ಆಲೂಗಡ್ಡೆ ಲಾರಿಯಲ್ಲಿ, ಮೂಟೆಗಳ ನಡುವೆ ಮೂಟೆಯಾಗಿ.
ಟೋಪಿ ತೆಗೆಯಲು ಒಪ್ಪಲಿಲ್ಲ.
"ಸೊಂಖೊ ನೋಯುತ್ತದೆ" ಅಂದಳು.
ಲೀಮಾದ ಎಳೆಯ ಡಾಕ್ಟರು ಆರೋಸ್ಪಿದೆ
ಕಲಿತು ಬಂದಿದ್ದ ಹತ್ತು ಪದಗಳಲ್ಲಿ ಅದೂ ಒಂದು:
ಸೊಂಖೊ ಎಂದರೆ ಹೃದಯ.
ಎದೆಗೆ ತಂತಿ ಅಂಟಿಸಿದರು. ಉದ್ದಕ್ಕೆ ಕಾಗದ ಬಂತು.
"ಕಲ್ಲಿನಂಥ ಹೃದಯ!" ಅಂದರು ಖುಷಿಯಿಂದ.
ಮರುದಿನವೂ ತಂತಿ. ಮರುದಿನವೂ ಸೊಂಖೊ.

ನಾನು ಮಂಚದಡಿ ಒರೆಸುತ್ತಿದ್ದೆ.
ನಮ್ಮವರ ಸೊಂಖೊ ಒಂದು ಅಂಗವಲ್ಲ, ಒಂದು ಓಣಿ:
ಎದೆ, ಹೊಟ್ಟೆ, ನೆನಪು, ಸಿಟ್ಟು
ಎಲ್ಲ ಅಕ್ಕಪಕ್ಕದ ಮನೆ, ನಡುಗೋಡೆ ಒಂದೇ.
ಬೆಂಕಿ ಬಿದ್ದದ್ದು ಯಾವ ಮನೆಗೆಂದು ಕೇಳಬೇಕಲ್ಲ.
ಅವಳ ಕೈ ಇದ್ದದ್ದು ಬಲ ಪಕ್ಕೆಯ ಕೆಳಗೆ.
ಬಾಯಿ ತಡೆಯಲಿಲ್ಲ. "ಉಂಡ ಮೇಲೋ, ಅತ್ತ ಮೇಲೋ?"
ಕೇಳಿಬಿಟ್ಟೆ, ಮಂಡಿಯೂರಿದಲ್ಲಿಂದಲೇ, ನಮ್ಮ ಮಾತಲ್ಲಿ.

ಅವಳು ಮಂಚದಂಚಿಗೆ ಬಗ್ಗಿ ನನ್ನನ್ನು ಹುಡುಕಿದಳು.
ಮೂರು ದಿನದ ಮಾತನ್ನು ಒಂದೇ ಉಸಿರಿಗೆ ಸುರಿದಳು:
ಹುರಿದ ಹಂದಿಮಾಂಸ, ನಡುರಾತ್ರಿ, ಬೆನ್ನಿಗೆ ದಾಟುವ ಚಳಕು,
ಬಾಯ್ತುಂಬ ಕಹಿ, ಮತ್ತೆ ತಂಗಿಯ ಜೊತೆ ಜಮೀನಿನ ತಗಾದೆ.
ಅದನ್ನೂ ಹೇಳಿದೆ. ಬಿಡಬಹುದಿತ್ತೇನೋ.
ಡಾಕ್ಟರ ಮುಖ ಕೆಂಪಾಯಿತು. ಆಮೇಲೆ ಕುರ್ಚಿ ಎಳೆದು ಕೊಟ್ಟರು.
ನನಗೆ ಆ ಕುರ್ಚಿಯ ಕಾಲು ಮಾತ್ರ ಗೊತ್ತಿತ್ತು.

ಪಿತ್ತಕೋಶದಲ್ಲಿ ಕಲ್ಲು. "ಹೇಳಿ ಅವಳಿಗೆ,
ನಾಳೆ ನಾವು ಅದನ್ನು ತೆಗೆಯುತ್ತೇವೆ."
ತೆರೆದ ಬಾಯಿ ಹಾಗೇ ನಿಂತಿತು.
ಸ್ಪ್ಯಾನಿಷ್‌ಗೆ ಒಂದೇ ನಾವು. ನಮಗೆ ಎರಡು.
ನ್ಯೊಖಾಯ್ಕು: ನಾವು, ನಿನ್ನನ್ನು ಬಿಟ್ಟು.
ನ್ಯೊಖಾಂಚಿಕ್: ನಾವು, ನೀನೂ ಕೂಡಿ.
ಕತ್ತಿ ಹಿಡಿಯುವವರು ಅವರು, ಮೊದಲನೆಯದೇ ಸರಿ.
ಆದರೆ ಆ ಮೊದಲನೆಯ ನಾವು
ಇದೇ ಕಟ್ಟಡದಲ್ಲಿ ನನ್ನ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು
ಒಳಗೆ ಒಯ್ದಿತ್ತು. ಏನು ತೆಗೆದರೆಂದು
ಅವಳಿಗೆ ಸಾಯುವವರೆಗೂ ತಿಳಿಯಲಿಲ್ಲ.

ಎರಡನೆಯದನ್ನೇ ಹೇಳಿದೆ. ವ್ಯಾಕರಣಕ್ಕೆ ತಪ್ಪು.
ತೆಯೊದೊಸಿಯಾ ನನ್ನನ್ನು ನೋಡಿದಳು, ಅವರನ್ನು ನೋಡಿದಳು.
"ಅದರಲ್ಲಿ ನಾನೂ ಇದ್ದೇನಾ? ಹಾಗಾದರೆ ಕೇಳುವುದಿದೆ.
ಎಷ್ಟುದ್ದ ಕೊಯ್ಯುತ್ತೀರಿ? ಆ ಚೀಲವಿಲ್ಲದೆ ಉಣ್ಣಬಹುದೇ?
ಕಲ್ಲನ್ನು ನನ್ನ ಕೈಗೇ ಕೊಡುತ್ತೀರಾ?"
ಮುಕ್ಕಾಲು ಗಂಟೆ. ಬಕೆಟ್ಟಿನ ನೀರು ಆರಿಹೋಯಿತು,
ಮೇಲ್ವಿಚಾರಕಿ ಎರಡು ಸಲ ಇಣುಕಿ ಗಡಿಯಾರ ನೋಡಿದಳು.
ನನ್ನ ಸಂಬಳ ನೆಲಕ್ಕೆ, ಮಾತಿಗಲ್ಲ.
ಕೊನೆಗೆ ಟೋಪಿಯನ್ನು ತಾನೇ ತೆಗೆದು
ನನ್ನ ಮಡಿಲಲ್ಲಿಟ್ಟಳು, ಕಾಯಲು.

ಕೊಯ್ದ ಮೂರನೇ ದಿನ ಡಾಕ್ಟರು ನನ್ನನ್ನು ಕರೆಯದೆ ಬಂದರು,
ಅಂಗೈ ಮೇಲೆ ಪೆನ್ನಿನಲ್ಲಿ ಬರೆದ ಕೆಚುವಾ.
ಕೇಳಬೇಕಿದ್ದದ್ದು, ಗಾಳಿ ಹೋಯಿತೇ ಎಂದು.
ಕೇಳಿದ್ದು, ಬಲು ಗಂಭೀರವಾಗಿ, ಎರಡನೆಯ ನಾವು ಹಾಕಿ:
"ನಾವೆಲ್ಲ ಕೂಡಿ ಹೂಸು ಬಿಟ್ಟೆವಾ?"
ವಾರ್ಡಿಗೆ ವಾರ್ಡೇ ಉರುಳಿತು.
ತೆಯೊದೊಸಿಯಾ ಹೊಲಿಗೆಯನ್ನು ಅದುಮಿ ಹಿಡಿದು, ಕಣ್ಣಲ್ಲಿ ನೀರು,
"ಈ ಹುಡುಗನನ್ನು ಆಚೆ ಕಳಿಸಿ, ಸೊಂಖೊ ಬಿರಿಯುತ್ತದೆ!"
ಸೊಂಖೊ ಕೇಳಿದ್ದೇ ಅವರ ಮುಖ ಬಿಳಿಚಿತು,
ಏನಂದಳು, ಎಲ್ಲಿ ನೋವಂತೆ, ಎಂದು ನನ್ನ ಕಡೆ ತಿರುಗಿದರು.
ನಾನು ಬಕೆಟ್ಟು ಎತ್ತಿಕೊಂಡೆ.
"ಹೌದಂತೆ," ಅಂದೆ. "ನಾವೆಲ್ಲ."